ಪೆರಿಯಣ್ಣನ್ ಮನೆಗೆ ಫೋಟೋದವನು ಬಂದದ್ದು

ತೇವಾರಂ ಊರಿನಲ್ಲಿ ಪೆರಿಯಣ್ಣನ್‌ನ ಬುದ್ಧಿಯ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಒಂದು ಅವನದು, ಇನ್ನೊಂದು ಮಿಕ್ಕವರೆಲ್ಲರದು. ಎರಡಕ್ಕೂ ಆಗಾಗ ಪುಷ್ಟಿ ಸಿಗುತ್ತಲೇ ಇದ್ದುದರಿಂದ ಯಾರೂ ತಮ್ಮ ಅಭಿಪ್ರಾಯ ಬದಲಿಸುವ ಗೋಜಿಗೆ ಹೋಗಿರಲಿಲ್ಲ. ಆದರೆ ಮನೆ ಮಾರುವುದಕ್ಕೆಂದು ಅವನು ಫೋಟೋಗ್ರಾಫರನ್ನು ಆರಿಸಿದ ಮೇಲೆ ಊರಿನ ಅಭಿಪ್ರಾಯದ ಕೈ ಕೊಂಚ ಮೇಲಾಯಿತು.

ಸಂಗತಿ ಇಷ್ಟು. ಪೆರಿಯಣ್ಣನ್ ಇದ್ದದ್ದು ತೇವಾರದಲ್ಲಿ, ಅವನ ದ್ರಾಕ್ಷಿ ಚಪ್ಪರವಿದ್ದದ್ದು ಗೂಡಲೂರಿನಲ್ಲಿ. ಚಪ್ಪರಕ್ಕೆ ನೀರು ಬರುತ್ತಿದ್ದದ್ದು ಪಕ್ಕದ ತೋಟದವರ ಬಾವಿಯಿಂದ. ಆ ಬಾವಿಗೆ ಹೊಸದಾಗಿ ಕರೆಂಟು ಪಂಪ್‌ಸೆಟ್ಟು ಬೇರೆ ಬಂದಿತ್ತು. ಈಗ ಆ ತೋಟದ ಯಜಮಾನರು ಎಲ್ಲವನ್ನೂ ಮಾರಿ ಮಗಳ ಊರಿಗೆ ಹೊರಟು ನಿಂತಿದ್ದರು. “ದೀಪಾವಳಿ ತನಕ ನಿನಗೋಸ್ಕರ ಕಾಯ್ತೀನಿ, ಆಮೇಲೆ ಯಾರು ಬಂದು ಕೇಳಿದ್ರೂ ಕೊಟ್ಟುಬಿಡ್ತೀನಿ” ಎಂದು ಪೆರಿಯಣ್ಣನ್‌ಗೆ ಹೇಳಿದ್ದರು. ಬಾವಿ ಬೇರೆಯವರ ಪಾಲಾದರೆ ಪೆರಿಯಣ್ಣನ್‌ನ ದ್ರಾಕ್ಷಿಯೆಲ್ಲ ಬಳ್ಳಿಯಲ್ಲೇ ಒಣದ್ರಾಕ್ಷಿ. ತೇವಾರದ ಮನೆ ಮಾರಿ ಆ ತೋಟ ಕೊಂಡು, ಸಂಸಾರ ಸಮೇತ ಗೂಡಲೂರಿಗೆ ಹೋಗಿ ನೆಲೆಸುವುದೊಂದೇ ದಾರಿ.

ದಾರಿಯೇನೋ ನೆಟ್ಟಗಿತ್ತು. ಆದರೆ ಆ ದಾರಿಗೆ ಅಡ್ಡಲಾಗಿ ಕಾಲು ಚಾಚಿ ಕೂತಿದ್ದವಳು ಅವನ ತಾಯಿ ಕಾಳಿಯಮ್ಮಾಳ್. ಮನೆ ಇದ್ದದ್ದು ಅವಳ ಹೆಸರಿನಲ್ಲಿ. ಪತ್ರಕ್ಕೆ ಬೀಳಬೇಕಾದದ್ದು ಅವಳ ಹೆಬ್ಬೆಟ್ಟು. ಆ ಹೆಬ್ಬೆಟ್ಟನ್ನು ಅವಳು ಎಲೆ ಅಡಿಕೆಗೆ ಸುಣ್ಣ ಹಚ್ಚುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಕೊಡುವುದಿಲ್ಲವೆಂದು ಪಟ್ಟು ಹಿಡಿದಿದ್ದಳು.

“ಗೂಡಲೂರಲ್ಲಿ ನಾ ಸತ್ರೆ ಅಳಾಕೆ ಯಾರವ್ರೆ?” ಎಂದು ಕೇಳಿದಳು.

“ನಾನಿಲ್ವಾ ಅವ್ವಾ? ಆಂಡಾಳ್ ಇಲ್ವಾ?” ಎಂದ ಪೆರಿಯಣ್ಣನ್.

“ನೀವು ಅಳೋದು ಒಂದು ಅಳುವಾ? ಈ ಊರಲ್ಲಿ ನಾ ಅಳದೇ ಇರೋ ಮನೆ ಯಾವ್ದೈತೆ ಏಳು. ಗಂಟಲು ಕಟ್ಕೊಂಡು ಅತ್ತಿವ್ನಿ. ಅವರೆಲ್ಲ ನನಗೆ ತಿರುಗಿ ಅಳಬೇಕು. ಅದನ್ನೆಲ್ಲ ಇಲ್ಲೇ ಬಿಟ್ಟು ಬರಿಗೈಯಲ್ಲಿ ಗೂಡಲೂರು ಬಸ್ಸು ಅತ್ತೋದಾ?”

ಅವಳು ಹೇಳಿದ್ದು ಅಕ್ಷರಶಃ ನಿಜ. ಆ ಊರಿನಲ್ಲಿ ಕಾಳಿಯಮ್ಮಾಳ್ ಬಂದು ಒಪ್ಪಾರಿ ಹೇಳಿ ಅಳದೆ ಒಂದು ಹೆಣವೂ ಮನೆ ಬಿಟ್ಟಿದ್ದಿಲ್ಲ. ಸತ್ತವನ ಗುಣವನ್ನು ಹಾಡು ಕಟ್ಟಿ ಅಳುವುದರಲ್ಲಿ ಅವಳದು ಎತ್ತಿದ ಕೈ. ಬದುಕಿದ್ದಾಗ ಯಾರೂ ಒಂದು ಒಳ್ಳೆಯ ಮಾತು ಆಡದಿದ್ದ ಮನುಷ್ಯನಿಗೂ ಅವಳ ಬಾಯಲ್ಲಿ ಅರ್ಧ ಗಂಟೆಯ ಗುಣಗಾನ ಸಿಗುತ್ತಿತ್ತು.

ಪೆರಿಯಣ್ಣನ್ ತನ್ನ ಬುದ್ಧಿಗೆ ತಕ್ಕ ಉಪಾಯ ಮಾಡಿದ. ಮೊದಲು ಗಿರಾಕಿ ಹಿಡಿಯೋಣ, ಅವ್ವನನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡ. ಗಿರಾಕಿಯೂ ಸಿಕ್ಕಿದರು. ದೇವಿಕುಳದ ಕಡೆ ಟೀ ಎಸ್ಟೇಟೊಂದರಲ್ಲಿ ಲೆಕ್ಕ ಬರೆದು ಈಗಷ್ಟೇ ನಿವೃತ್ತರಾಗಿದ್ದ ಲಕ್ಷ್ಮಣನ್ ಎಂಬವರು. ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರೇ, ನಮ್ಮ ಜನವೇ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಬೆಟ್ಟದ ಚಳಿ ಸಾಕಾಗಿ ಕೆಳಗೆ ಬಂದು ನೆಲೆಸಬೇಕೆಂದಿದ್ದರು. ‘ಮನೆಯ ಒಂದು ಫೋಟೋ ಕಳಿಸಿ, ನೋಡಿ ಹೇಳುತ್ತೇನೆ’ ಎಂದು ಕಾರ್ಡು ಬರೆದರು.

ಇಲ್ಲಿಂದ ಪೆರಿಯಣ್ಣನ್‌ನ ದಿಗ್ವಿಜಯ ಶುರುವಾಯಿತು.

ಮೊದಲು ಅವನು ಹೋದದ್ದು ಬೋಡಿಗೆ. ಅಲ್ಲಿಯ ಸ್ಟುಡಿಯೋದ ಮಾಲೀಕರು ತಲೆಗೆ ಎಣ್ಣೆ ಹಚ್ಚಿ, ಕುತ್ತಿಗೆಗೆ ಪೌಡರು ಹಚ್ಚಿ, ಗಿರಾಕಿಗಿಂತ ತಾವೇ ಫೋಟೋಗೆ ಸಿದ್ಧರಾಗಿ ಕೂತಿದ್ದರು. ಬೆನ್ನ ಹಿಂದೆ ಒಂದು ಪರದೆ. ಅದರಲ್ಲಿ ಅರಮನೆ, ಅದರ ಮುಂದೆ ಕೊಳ, ಕೊಳದಲ್ಲಿ ಹಂಸ.

“ಮನೆಯನ್ನ ಇಲ್ಲಿಗೆ ತರೋಕಾಗುತ್ತಾ?” ಎಂದು ಅವರು ಕೇಳಿದರು.

“ಎಂಗಾಗ್ತದೆ?”

“ನಾನು ಸ್ಟುಡಿಯೋ ಬಿಟ್ಟು ಹೊರಗೆ ಹೋಗಲ್ಲ. ಬಿಸಿಲು ನನಗೆ ಆಗಿಬರಲ್ಲ. ಒಂದು ಕೆಲಸ ಮಾಡಿ. ಸಂಸಾರ ಸಮೇತ ಬಂದು ಈ ಪರದೆ ಮುಂದೆ ನಿಂತ್ಕೊಳ್ಳಿ. ಇದೇ ನಮ್ಮ ಮನೆ ಅಂತ ಬರೆದು ಕಳಿಸಿ. ನಿಮ್ಮ ಮನೇಲಿ ಹಂಸ ಇದೆಯಾ?”

ಇಲ್ಲವೆಂದು ಪೆರಿಯಣ್ಣನ್ ಒಪ್ಪಿಕೊಂಡ. ತಾರಸಿಯ ಅಂಚಿನಲ್ಲಿ ಸಿಮೆಂಟಿನದೊಂದು ಸಿಂಹ ಇತ್ತು, ಅದೂ ನಾಯಿಯ ಹಾಗೆ ಕಾಣುತ್ತಿತ್ತು. ಹಂಸದ ಆಸೆ ಅವನನ್ನು ಬಸ್‌ಸ್ಟ್ಯಾಂಡಿನ ತನಕ ಹಿಂಬಾಲಿಸಿತು. ಗಿರಾಕಿ ಬಂದ ಮೇಲೆ ಕೊಳವೆಲ್ಲಿ ಎಂದು ಕೇಳಿದರೆ ಏನು ಮಾಡುವುದೆಂಬ ಒಂದೇ ಯೋಚನೆ ಅವನನ್ನು ಕಾಪಾಡಿತು.

ಆಮೇಲೆ ಪೆರಿಯಕುಳಂ. ಅಲ್ಲೊಬ್ಬ ಹೊಸ ಹುಡುಗ ಮದರಾಸಿನಲ್ಲಿ ಕಲಿತು ಬಂದಿದ್ದ. ಅವನು ತೋರಿಸಿದ ಮದುವೆ ಫೋಟೋಗಳಲ್ಲಿ ಒಂದರಲ್ಲಿ ಮದುಮಗಳ ಮೂಗುತಿ ಮಾತ್ರ ಇತ್ತು, ಇನ್ನೊಂದರಲ್ಲಿ ಮದುಮಗನ ಕಿವಿ. ಮದುವೆ ಯಾರದೆಂದು ತಿಳಿಯುವುದು ಕಷ್ಟವಿತ್ತು. “ಇದು ಆಂಗಲ್” ಎಂದ ಹುಡುಗ. “ನಿಮ್ಮ ಮನೆ ಮುಂದೆ ನಾನು ಅಂಗಾತ ಮಲಕ್ಕೊಂಡು ತೆಗೀತೀನಿ, ಸಿಂಹದ ಗದ್ದ ಆಕಾಶ ಮುಟ್ಟೋ ಹಾಗೆ.” ಬಾಗಿಲು ಕಿಟಕಿ ಕಾಣಿಸುತ್ತದೆಯೇ ಎಂದು ಪೆರಿಯಣ್ಣನ್ ಕೇಳಿದ್ದಕ್ಕೆ ಹುಡುಗ, ಪಾಪದವನನ್ನು ನೋಡುವ ಹಾಗೆ ನೋಡಿದ.

ಕಡೆಗೆ ತೇನಿ. ಸಂತೆಯ ಹಿಂದಿನ ಓಣಿಯಲ್ಲಿ ವೇಲುಸಾಮಿ ಎಂಬವನ ಅಂಗಡಿ. ಗೋಡೆಯ ತುಂಬ ಅವನು ತೆಗೆದ ಪಟಗಳು. ಎಂಥ ಸ್ಪಷ್ಟ! ಹೂವಿನ ಹಾರದ ಒಂದೊಂದು ಎಸಳನ್ನೂ ಎಣಿಸಬಹುದಾಗಿತ್ತು. ಕುರ್ಚಿಯಲ್ಲಿ ಕೂತ ಹಿರಿಯರ ಒಂದೊಂದು ಸುಕ್ಕೂ ಕಾಣುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದರು ಅನ್ನುವುದೊಂದು ಬಿಟ್ಟರೆ ಕುಂದೇ ಇರಲಿಲ್ಲ. ಈ ಸೀಮೆಯಲ್ಲಿ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತ ಬಂಧುಗಳು ನಿಂತು ಕೊನೆಯ ಪಟ ತೆಗೆಸುವ ರೂಢಿ. ಆ ಪಟ ತೆಗೆಯುವುದಕ್ಕೆ ಕಂಬಂ ಕಣಿವೆಯಿಂದ ದಿಂಡುಗಲ್ಲಿನ ತನಕ ಎಲ್ಲರೂ ಕರೆಯುತ್ತಿದ್ದದ್ದು ಈ ವೇಲುಸಾಮಿಯನ್ನೇ. ಬದುಕಿದವರು ಅವನ ತಂಟೆಗೆ ಹೋಗುತ್ತಿರಲಿಲ್ಲ.

ಇದು ಪೆರಿಯಣ್ಣನ್‌ಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಅವನ ಬುದ್ಧಿ ಓಡಿದ ರೀತಿ ನೋಡಿ. ಅಲ್ಲಾಡದವರನ್ನು ತೆಗೆಯುವುದರಲ್ಲಿ ಇವನೇ ಎಲ್ಲರಿಗಿಂತ ಗಟ್ಟಿಗ. ಮನೆಯೂ ಅಲ್ಲಾಡುವುದಿಲ್ಲ. ಆದ್ದರಿಂದ ಮನೆಗೆ ಇವನೇ ಸರಿ. ಈ ತರ್ಕದಲ್ಲಿ ತಪ್ಪು ಹುಡುಕಲು ನಿಮ್ಮಿಂದಾಗುತ್ತದೆಯೇ? ನನ್ನಿಂದಂತೂ ಆಗಿಲ್ಲ.

“ಬುಧವಾರ ಬಂದುಬಿಡಿ” ಎಂದ ಪೆರಿಯಣ್ಣನ್.

ವೇಲುಸಾಮಿಯ ಕಣ್ಣು ತುಂಬಿ ಬಂತು. “ಅಯ್ಯಾ, ಇಷ್ಟು ವರ್ಷದಲ್ಲಿ ನನಗೆ ಮುಂಚಿತವಾಗಿ ಹೇಳಿ ಕರೆದವರು ನೀವೊಬ್ಬರೇ” ಎಂದು ತಮಿಳಿನಲ್ಲಿ ಹೇಳಿ ಕೈಮುಗಿದ.

ಸುದ್ದಿ ಕೇಳಿ ಹೆಂಡತಿ ಆಂಡಾಳ್ ತಲೆ ಮೇಲೆ ಕೈ ಹೊತ್ತು ಕೂತಳು. “ಓಗಿ ಓಗಿ ಆ ಸಾವಿನ ಪೋಟೋದವನನ್ನಾ? ನೋಡಿದವರು ಏನಂದ್ಕೊಂಡಾರು?”

“ಮನೆ ಕಣ್ಣು ಮಿಟುಕಿಸ್ತದಾ?” ಎಂದು ಪೆರಿಯಣ್ಣನ್ ಕೇಳಿದ. ಇಲ್ಲವೆಂದಳು. “ಆಮೇಲೇನು ಮಾತು?” ಎಂದು ಅವನು ಚರ್ಚೆಯನ್ನು ಮುಗಿಸಿದ. ಅದೇ ಸಂತೋಷದಲ್ಲಿ ಲಕ್ಷ್ಮಣನ್ ಅವರಿಗೆ ಕಾರ್ಡನ್ನೂ ಬರೆದು ಹಾಕಿದ. ಬುಧವಾರ ಫೋಟೋ ತೆಗೆಸುತ್ತಿದ್ದೇನೆ, ಕಾದಿರಿ.

ಬುಧವಾರ ಬೆಳಗಾಯಿತು. ಪೆರಿಯಣ್ಣನ್ ಕನ್ನಡಿ ಮುಂದೆ ಕೂತು ಮೀಸೆಯನ್ನು ಸಿನಿಮಾದವರ ಹಾಗೆ ಸಣ್ಣ ಗೆರೆ ಮಾಡಲು ಹೊರಟ. ಎಡಗಡೆ ಕೊಂಚ ಹೆಚ್ಚು ಹೋಯಿತು. ಸಮ ಮಾಡಲು ಬಲಗಡೆ ತೆಗೆದ. ಈಗ ಬಲಗಡೆ ಹೆಚ್ಚು ಹೋಯಿತು. ನ್ಯಾಯ ಎರಡೂ ಕಡೆಗೆ ಸಲ್ಲುವ ಹೊತ್ತಿಗೆ ಮೀಸೆಯೇ ಉಳಿದಿರಲಿಲ್ಲ. ಮನೆ ವಿಶಾಲವಾಗಿ ಕಾಣಲಿ ಎಂದು ಮಂಚ, ಬೆಂಚು, ಭತ್ತ ತುಂಬಿಡುವ ಕುದುರು ಎಲ್ಲ ಬೀದಿಗೆ ತಂದು ಹಾಕಿದ.

“ಪೋಟೋ ತೆಗೆಯೋದು ಒರಗಡೆಯಿಂದ ತಾನೆ? ಒಳಗಿರೋ ಮಂಚ ಎಂಗೆ ಕಾಣ್ತದೆ?” ಎಂದಳು ಆಂಡಾಳ್.

“ಬಾಗಿಲು ತೆಗೆದೇ ಇರ್ತದಲ್ಲ” ಎಂದ ಪೆರಿಯಣ್ಣನ್.

ಆಮೇಲೆ ಕೊಡಗಟ್ಟಲೆ ನೀರು ಹೊಯ್ದು ಮನೆ ಮುಂದೆಲ್ಲ ತೊಳೆದ. ಕೊನೆಗೆ ಏಣಿ ಹಾಕಿಕೊಂಡು, ಮೈಮೇಲೆ ಒದ್ದೆ ಪಂಚೆಯೊಂದನ್ನು ಬಿಟ್ಟರೆ ಏನಿಲ್ಲದೆ, ಸಿಂಹದ ಮುಖ ತಿಕ್ಕಲು ಹತ್ತಿದ. ಮನೆ ಮಾರುವ ಈ ಸಡಗರ ಕಂಡು ಕೆಂಡವಾದ ಕಾಳಿಯಮ್ಮಾಳ್ ಗಂಜಿಯನ್ನೂ ಮುಟ್ಟದೆ, ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ತುಟಿ ಪಿಟಕ್ಕೆನ್ನದೆ ಮಲಗಿದ್ದಳು.

ಅದೇ ಹೊತ್ತಿಗೆ ಬೋಡಿ ಬಸ್ಸಿನಿಂದ ವೇಲುಸಾಮಿ ಇಳಿದ. ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಕೈಯಲ್ಲಿ ಕ್ಯಾಮೆರಾ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಕರೀ ಬಟ್ಟೆ. ಅಭ್ಯಾಸಬಲದಿಂದ ಮುಖ ಸಪ್ಪಗೆ ಮಾಡಿಕೊಂಡಿದ್ದ. ಬಸ್‌ಸ್ಟ್ಯಾಂಡಿನ ಎದುರು ಟೀ ಅಂಗಡಿ ಇಟ್ಟಿದ್ದ ರಾಮರ್ ಅವನನ್ನು ನೋಡಿದವನೇ, ಎತ್ತರದಿಂದ ಸುರಿಯುತ್ತಿದ್ದ ಟೀಯನ್ನು ಅರ್ಧಕ್ಕೇ ನಿಲ್ಲಿಸಿದ.

“ಪೆರಿಯಣ್ಣನ್ ಅವರ ಮನೆ ಯಾವ ಬೀದಿ?” ಎಂದು ವೇಲುಸಾಮಿ ಕೇಳಿದ.

ರಾಮರ್‌ಗೆ ಬೇರೆ ಏನು ಬೇಕು? ದಾರಿ ತೋರಿಸಿ, ಅಂಗಡಿಯ ಹಲಗೆ ಬಾಗಿಲನ್ನು ಅರ್ಧ ಮುಚ್ಚಿದ. ಅವನು ಅರ್ಧ ಮುಚ್ಚಿದ್ದು ನೋಡಿ ಪಕ್ಕದ ಎಣ್ಣೆ ಅಂಗಡಿಯವನು ಅರ್ಧ ಮುಚ್ಚಿದ. ಕಾರಣ ತಿಳಿಯುವ ಮೊದಲೇ ಇಡೀ ಬಜಾರು ಅರ್ಧ ಮುಚ್ಚಿತ್ತು. “ಕಾಳಿಯಮ್ಮಾಳ್ ಅತ್ತೆ ಓಗ್ಬಿಟ್ಳಂತೆ!” ಅನ್ನುವ ಸುದ್ದಿ ವೇಲುಸಾಮಿಗಿಂತ ಮೊದಲೇ ಆ ಬೀದಿ ಮುಟ್ಟಿತು.

ಸುದ್ದಿ ಕೇಳಿ ಓಡಿ ಬಂದವರಿಗೆ ಕಂಡದ್ದೇನು? ಮನೆಯ ಸಾಮಾನೆಲ್ಲ ಬೀದಿಯಲ್ಲಿ. ಮನೆ ಮುಂದೆಲ್ಲ ನೀರು. ಮೀಸೆ ಬೋಳಿಸಿದ ಮಗ, ಒದ್ದೆ ಪಂಚೆಯಲ್ಲಿ. ಇನ್ನು ಯಾರನ್ನು ಏನು ಕೇಳುವುದು?

ಏಣಿಯ ಮೇಲಿಂದ ಪೆರಿಯಣ್ಣನ್‌ಗೆ ಕಂಡದ್ದೂ ಕಡಿಮೆಯದಲ್ಲ. ತನ್ನ ಮನೆಯ ಫೋಟೋ ನೋಡಲು ಊರಿಗೆ ಊರೇ ಬರುತ್ತಿದೆ! ಅವನ ಎದೆ ಉಬ್ಬಿತು. “ಬನ್ನಿ, ಬನ್ನಿ! ಎಲ್ಲರೂ ಬಂದಿದ್ದು ಬೋ ಸಂತೋಷ!” ಎಂದು ಮೇಲಿಂದಲೇ ಕೂಗಿದ.

“ಪಾವಂ, ತಾಯಿ ಓದ ದುಃಖಕ್ಕೆ ತಲೆ ಕೆಟ್ಟೋಗೈತೆ” ಎಂದು ಗಂಡಸರು ಪಿಸುಗುಟ್ಟಿದರು. ಇಬ್ಬರು ಏಣಿಯನ್ನು ಭದ್ರವಾಗಿ ಹಿಡಿದುಕೊಂಡರು, ಅವನು ಹಾರಿಗೀರಿಯಾನು ಎಂದು. ಉಳಿದವರು ಬೀದಿಯಲ್ಲಿದ್ದ ಬೆಂಚು ಮಂಚಗಳ ಮೇಲೆ ಸಾಲಾಗಿ ಕೂತರು. ಸಾವಿನ ಮನೆಗೆ ಇಷ್ಟು ಅನುಕೂಲವಾಗಿ ಆಸನ ಸಿದ್ಧವಿದ್ದದ್ದನ್ನು ಅವರು ಎಂದೂ ಕಂಡಿರಲಿಲ್ಲ.

ಹೆಂಗಸರು ಜಗುಲಿಯ ಮುಂದೆ ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ ಸುತ್ತಾಗಿ ಕೂತರು. ಪಕ್ಕದ ಮನೆಯ ವೀರಮ್ಮಾಳ್ ಸೆರಗು ಕಟ್ಟಿ, ಗಂಟಲು ಸರಿಮಾಡಿಕೊಂಡು ಒಪ್ಪಾರಿ ಎತ್ತಿದಳು.

“ಬೆಟ್ಟದಂತ ನಮ್ಮತ್ತೆ, ಬೆಳದಿಂಗಳಂತ ನಮ್ಮತ್ತೆ,
ಬಿಟ್ಟೆಂಗೆ ಓದೆಯೋ, ನಾವ್ಯಾರ ಕೂಗಾಣ?
ಅಳ್ಳಿಗೆಲ್ಲ ಆಸರೆಯೆ, ಅಸಿದೋರಿಗೆ ಅನ್ನವೆ,
ಇಸ್ಕೊಂಡ ಪಿತ್ತಾಳೆ ಅಂಡ್ಯಾವ ಎಲ್ಲಿಟ್ಟು ಓದೆಯೋ?”

ಸುತ್ತಿನ ಹೆಂಗಸರು “ಎಲ್ಲಿಟ್ಟು ಓದೆಯೋ” ಎಂದು ದನಿಗೂಡಿಸಿದರು.

“ಯಾವ ಅಂಡೆಯೇ ಅದು?” ಎಂದು ಒಳಕೋಣೆಯಿಂದ ಒಂದು ಧ್ವನಿ ಬಂತು.

ಅದರ ಹಿಂದೆಯೇ ಕೆದರಿದ ಕೂದಲಿನಲ್ಲಿ ಕಾಳಿಯಮ್ಮಾಳ್ ಹೊಸ್ತಿಲ ಮೇಲೆ ಬಂದು ನಿಂತಳು. ಬೆಂಚಿನವರು ಕಾಲಿಗೆ ಬುದ್ಧಿ ಹೇಳಿದರು. ಏಣಿ ಹಿಡಿದಿದ್ದ ಇಬ್ಬರೂ ಏಣಿ ಬಿಟ್ಟು ಓಡಿದರು. ಪೆರಿಯಣ್ಣನ್ ಸಿಂಹದ ಕುತ್ತಿಗೆಯನ್ನು ತಬ್ಬಿ ನೇತಾಡಿದ. ಟೀ ಅಂಗಡಿಯ ರಾಮರ್ ಎದುರು ಮನೆಯ ಗೋಡೆ ಹಾರಿದವನು, ಆ ಕಡೆ ಎಮ್ಮೆ ಕಟ್ಟಿದ್ದನ್ನು ಕಂಡು ತಿರುಗಿ ಈ ಕಡೆಗೇ ಹಾರಿದ.

“ನಿಲ್ರೀ ಎಲ್ಲಾ! ಎಲ್ಲಿಗೆ ಓಗ್ತೀರಿ?” ಎಂದು ಕಾಳಿಯಮ್ಮಾಳ್ ಗುಡುಗಿದಳು. ಆ ಗುಡುಗು ಕೇಳಿದ ಮೇಲೆ ಅವಳು ಬದುಕಿರುವುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಒಬ್ಬೊಬ್ಬರಾಗಿ ನಾಲಿಗೆ ಕಚ್ಚಿಕೊಂಡು ತಿರುಗಿ ಬಂದರು.

ವಿಷಯ ಏನೆಂದು ಆಂಡಾಳ್ ಎಲ್ಲರಿಗೂ ಬಿಡಿಸಿ ಹೇಳಿದಳು. ಹೇಳುವಾಗ ಗಂಡನ ಕಡೆ ಬೆರಳು ಮಾಡುವುದನ್ನು ಮರೆಯಲಿಲ್ಲ. ಅಷ್ಟರಲ್ಲಿ ಗ್ರಾಮದ ಮುನಸೀಫರಾದ ಪೆರಿಯಸಾಮಿ, ಸಾವು ಬರೆದುಕೊಳ್ಳುವ ಸರ್ಕಾರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಅವರದು ನಿಧಾನವಾದ ಕಿವಿ, ಅವಸರದ ಕೈ. ಜಗುಲಿಯ ಮೇಲೆ ಕೂತು, ಕನ್ನಡಕ ಏರಿಸಿ, ಎದುರಿಗೇ ನಿಂತಿದ್ದ ಕಾಳಿಯಮ್ಮಾಳನ್ನೇ ಕೇಳಿದರು.

“ಸತ್ತವರ ವಯಸ್ಸು ಎಷ್ಟಮ್ಮಾ?”

“ನಿನಗಿಂತ ಒಂದೆರಡು ವರ್ಸ ಕಮ್ಮಿ” ಎಂದಳು ಅವಳು.

ಮುನಸೀಫರು ತಲೆಯೆತ್ತಿ ನೋಡಿ, ಪುಸ್ತಕ ಮುಚ್ಚಿ, “ತಪ್ಪು ಮಾಹಿತಿ ಕೊಡೋದು ಕಾನೂನು ಪ್ರಕಾರ ಅಪರಾಧ” ಎಂದು ಯಾರಿಗೆಂದು ಹೇಳದೆ ಹೇಳಿ ಹೊರಟರು. ಬೀದಿಯ ತಿರುವಿನ ತನಕ ಹೋದವರು, ಮುಂದೆ ಏನಾಗುತ್ತದೆ ಎಂದು ನೋಡಲು ತಿರುಗಿ ಬಂದು ಬೆಂಚಿನ ಮೇಲೆ ಜಾಗ ಹಿಡಿದರು.

ಆದದ್ದು ಇಷ್ಟು. ಕಾಳಿಯಮ್ಮಾಳ್ ಜಗುಲಿಯ ಮೇಲೆ ಕಾಲು ಮಡಿಸಿ ಕೂತು, “ಏ ವೀರಮ್ಮಾ, ಎಲ್ಲೀತನಕ ಬಂದಿತ್ತು? ಮುಂದಕ್ಕೆ ಅಳು” ಎಂದಳು.

“ಬ್ಯಾಡಿ ಅತ್ತೆ, ಮಾನ ಓಯ್ತು” ಎಂದು ವೀರಮ್ಮಾಳ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಮಾನ ಇರ್ಲಿ. ನಿನ್ನ ಅತ್ತೆ ಸತ್ತಾಗ ನಾ ಏನಂತ ಅತ್ತೆ? ಊರ ದೀಪ ಆರೋಯ್ತು ಅಂತ ಅತ್ತೆ. ಅವಳೇನು ದೀಪವಾ? ನಿನಗೆ ನಾಕು ವರ್ಸ ಉಪ್ಪಿಲ್ಲದ ಗಂಜಿ ಆಕಿದವಳು. ಆದ್ರೂ ಅತ್ತೆ. ನೀನು ನನಗೆ ಅಂಡೆ ಲೆಕ್ಕ ಏಳ್ತೀಯಾ? ಏನೇ ಇದು? ನಾ ಮಣ್ಣಿಗೆ ಓಗೋ ಮುಂಚೆ ಕಲ್ತ್ಕೋ.”

ಹೀಗೆ ಸತ್ತವಳೇ ಎದುರು ಕೂತು ಅಳುವವರಿಗೆ ಪಾಠ ಹೇಳಿಕೊಡುವ ಕಾರ್ಯಕ್ರಮ ತೇವಾರದಲ್ಲಿ ಮೊದಲ ಸಲ ನಡೆಯಿತು. ಯಾರ ಅಳುವಿನಲ್ಲಿ ಕಣ್ಣೀರಿರಲಿಲ್ಲ, ಯಾರು ಅಳುವ ನಡುವೆ ಹೊಸ ಸೀರೆಯ ಬೆಲೆ ವಿಚಾರಿಸಿದರು, ಎಲ್ಲವನ್ನೂ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡಿದ್ದಳು. ಒಬ್ಬೊಬ್ಬರಿಗೂ ಬೈಗುಳ ಸಂದಾಯವಾಯಿತು. ಬೈಯುವಾಗ ಅವಳ ಮುಖ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು. ನಿಜ ಹೇಳಬೇಕೆಂದರೆ, ತನಗಾಗಿ ಬಜಾರು ಅರ್ಧ ಮುಚ್ಚಿತೆಂದು ಕೇಳಿ ಅವಳಿಗೆ ಹೊಟ್ಟೆ ತುಂಬಿತ್ತು.

ಈ ಗದ್ದಲದಲ್ಲಿ ವೇಲುಸಾಮಿ ತನ್ನ ಕೆಲಸ ಬಿಟ್ಟಿರಲಿಲ್ಲ. ಬೀದಿಯ ನಡುವೆ ಕ್ಯಾಮೆರಾ ನಿಲ್ಲಿಸಿ ಕರೀ ಬಟ್ಟೆಯೊಳಗೆ ತಲೆ ತೂರಿಸಿದ್ದ. ಮನೆ ಮುಂದಿನಿಂದ ಜನ ಕದಲುವ ಹಾಗೆ ಕಾಣಲಿಲ್ಲ. “ಎಲ್ಲರೂ ಇರ್ಲಿ, ನಾನೂ ಇರ್ತೀನಿ” ಎಂದು ಕಾಳಿಯಮ್ಮಾಳ್ ನಡುವೆ ಕುರ್ಚಿ ಹಾಕಿಸಿಕೊಂಡಳು. ವೇಲುಸಾಮಿ ಬಟ್ಟೆಯಿಂದ ತಲೆ ಹೊರಗೆ ತೆಗೆದು, “ಅಮ್ಮಾ, ಅಲ್ಲಾಡಬೇಡಿ” ಎಂದ. ಅವಳು ವೀರಮ್ಮಾಳ್ ಕಡೆ ತಿರುಗಿ ಏನೋ ನೆನಪಿಗೆ ಬಂದದ್ದನ್ನು ಹೇಳಿದಳು. ಮತ್ತೆ ತಲೆ ತೂರಿಸಿದ. ಅವಳು ನೊಣ ಓಡಿಸಿದಳು.

ಪಾಪ, ಅವನ ವೃತ್ತಿಜೀವನದಲ್ಲಿ ಕುರ್ಚಿಯ ಮೇಲೆ ಕೂತವರು ಯಾರೂ ಇಂಥ ಕಷ್ಟ ಕೊಟ್ಟಿರಲಿಲ್ಲ. “ಅಮ್ಮಾ, ದಯವಿಟ್ಟು ಒಂದು ಗಳಿಗೆ ಸತ್ತವರ ಹಾಗಿರಿ” ಎಂದು ಬೇಡಿಕೊಂಡ.

“ಆಮೇಲೆ ಬೇಕಾದಷ್ಟು ಒತ್ತು ಆಗಿರ್ತೀನಿ, ಈಗ ಸೀಕ್ರಂ ತೆಗಿ” ಎಂದಳು ಕಾಳಿಯಮ್ಮಾಳ್.

ಆಗಲೇ ಬೀದಿಯ ತುದಿಯಲ್ಲಿ ಉಣ್ಣೆಯ ಕೋಟು ಹಾಕಿ, ಕೊಡೆ ಹಿಡಿದ ಒಬ್ಬರು ಕಾಣಿಸಿಕೊಂಡರು. ಲಕ್ಷ್ಮಣನ್. ಫೋಟೋ ಬರುವ ತನಕ ಕಾಯುವುದಕ್ಕಿಂತ ಬಸ್ಸು ಹತ್ತಿ ಮನೆಯನ್ನೇ ನೋಡಿಬಿಡೋಣ ಎಂದು ಬೆಟ್ಟ ಇಳಿದು ಬಂದಿದ್ದರು. ಅರ್ಧ ಮುಚ್ಚಿದ ಬಜಾರು, ಬೀದಿ ತುಂಬ ಜನ, ಕರೀ ಬಟ್ಟೆಯ ಕ್ಯಾಮೆರಾ ನೋಡಿ ಅವರು ಚಪ್ಪಲಿ ಕಳಚಿ, ಸದ್ದಿಲ್ಲದೆ ಬೆಂಚಿನ ತುದಿಯಲ್ಲಿ ಕೂತರು. ಪಕ್ಕದಲ್ಲಿದ್ದ ರಾಮರ್‌ನನ್ನು ಮೆಲ್ಲಗೆ ಕೇಳಿದರು.

“ಸತ್ತೋರು ಯಾರಪ್ಪಾ?”

“ಅದೋ, ಅಲ್ಲಿ ಕೂತು ಬೈತಾ ಅವ್ರಲ್ಲ, ಅವ್ರೇ” ಎಂದ ರಾಮರ್.

ಲಕ್ಷ್ಮಣನ್ ಕಣ್ಣು ಕಣ್ಣು ಬಿಟ್ಟರು. ಅಷ್ಟರಲ್ಲಿ ಏಣಿಯಿಂದಿಳಿದ ಪೆರಿಯಣ್ಣನ್‌ಗೆ ಉಣ್ಣೆ ಕೋಟು ನೋಡಿ ಇವರು ಯಾರೆಂದು ಹೊಳೆಯಿತು. ದೀಪಾವಳಿ, ಬಾವಿ, ಪಂಪ್‌ಸೆಟ್ಟು ಎಲ್ಲವೂ ಕಣ್ಣ ಮುಂದೆ ಕೊಚ್ಚಿಕೊಂಡು ಹೋದವು. ಓಡಿ ಬಂದು ಅವರ ಎರಡೂ ಕೈ ಹಿಡಿದು, “ಅಣ್ಣಾ, ಸಾವಿಲ್ಲ ಅಣ್ಣಾ! ಮನೇಲಿ ಏನೂ ಕೆಟ್ಟದಾಗಿಲ್ಲ! ಇವರೆಲ್ಲ ಸುಮ್ನೆ ಅಳ್ತಾ ಇದ್ರು!” ಎಂದು ವಿವರಿಸಿದ. ಇಂಥ ವಿವರಣೆಯಿಂದ ಯಾವ ಮನೆಯೂ ಮಾರಾಟವಾದ ಉದಾಹರಣೆ ಇಲ್ಲ.

ಉಳಿದ ಕಥೆಯನ್ನು ರಾಮರ್ ಹೇಳಿದ. ಲಕ್ಷ್ಮಣನ್ ಕೇಳುತ್ತ ಕೇಳುತ್ತ ಮೊದಲು ನಕ್ಕರು. ಆಮೇಲೆ ಕೋಟಿನ ತುದಿಯಿಂದ ಕಣ್ಣೊರೆಸಿಕೊಂಡರು.

“ನಮ್ಮವಳು ಓದಾಗ ಎಸ್ಟೇಟಲ್ಲಿ ಮಂಜು” ಎಂದರು. ಎಷ್ಟೋ ವರ್ಷ ಮನೆ ಮಾತು ಆಡದೆ ಅವರ ನಾಲಿಗೆ ತಡವರಿಸುತ್ತಿತ್ತು. “ಎತ್ತೋಕೆ ನಾಕು ಆಳು ಬೇಕಿತ್ತು. ಮೂರೇ ಬಂದ್ರು. ನಾಕನೇ ಎಗಲು ನಂದೇ. ಇಲ್ಲಿ ನೋಡಿದ್ರೆ, ಸಾಯದೇ ಇರೋರಿಗೆ ಊರೇ ಬಂದೈತೆ. ತಂಬಿ, ಮನೆ ಒಳಗೆ ನಾ ನೋಡೋದೇನಿಲ್ಲ. ನೀ ಏಳಿದ ಬೆಲೆಗೆ ಈ ಮನೆ ನಂಗೆ ಕೊಡು.”

ಪೆರಿಯಣ್ಣನ್ ಒಂದೇ ಒಂದು ಗಳಿಗೆ ಲೋಕದಲ್ಲೇ ಸುಖಿಯಾದ ಮನುಷ್ಯನಾಗಿದ್ದ. ಮರುಗಳಿಗೆಗೆ ತಾಯಿಯ ನೆನಪಾಗಿ ಆ ಕಡೆ ನೋಡಿದ. ಅವನ ಜತೆಗೆ ಇಡೀ ಬೀದಿಯೂ ಕಾಳಿಯಮ್ಮಾಳ್ ಕಡೆ ನೋಡಿತು. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಟ್ಟುಕೊಂಡು ಕೂತಿದ್ದಳು.

ಲಕ್ಷ್ಮಣನ್ ಅವಳ ಮುಂದೆ ಹೋಗಿ ನಿಂತರು. “ಅವ್ವಾ, ಒಂದು ಕೇಳ್ತೀನಿ. ಮನೆ ನಾ ತಗೊಂಡ್ರೆ, ಇವರೆಲ್ಲ ನಂಗೂ ಬತ್ತಾರಾ?”

“ಬರಲ್ಲ” ಎಂದಳು ಕಾಳಿಯಮ್ಮಾಳ್.

ಪೆರಿಯಣ್ಣನ್ ಜಗುಲಿಯ ಕಂಬಕ್ಕೆ ಹಣೆ ಚಚ್ಚಿಕೊಂಡ.

“ಮನೆ ಜತೆಗೆ ಜನ ಬತ್ತಾರಾ? ಕಂಬ ಬತ್ತದೆ, ಬಾಗಿಲು ಬತ್ತದೆ. ಜನ ಬೇಕಂದ್ರೆ ಮೊದ್ಲು ನೀ ಓಗ್ಬೇಕು. ಯಾರ ಮನೇಲಿ ಕಷ್ಟ ಅಂತ ಕೇಳ್ದೆಯೋ, ಮೊದ್ಲು ನೀ ಅಲ್ಲಿರ್ಬೇಕು. ಅಳು ಬರ್ದಿದ್ರೂ ಓಗಿ ಕೂರು. ಕೂತ್ಕೊಂಡ್ರೆ ತಾನಾಗೇ ಬತ್ತದೆ.”

“ನಂಗೆ ಇಲ್ಲಿ ಯಾರೂ ಗೊತ್ತಿಲ್ವಲ್ಲ ಅವ್ವಾ. ಈ ವಯಸ್ಸಲ್ಲಿ...”

“ನನಗ್ಯಾರು ಗೊತ್ತಿದ್ರು? ಲಗ್ನ ಆಗಿ ಪೆರಿಯಕುಳದಿಂದ ಗಾಡೀಲಿ ಬಂದು ಇಲ್ಲಿ ಇಳಿದಾಗ ನನ್ನ ಗಂಡನ ಮುಖವೇ ಸರಿಯಾಗಿ ಗೊತ್ತಿರ್ಲಿಲ್ಲ. ಬಂದ ವಾರಕ್ಕೇ ಕೊನೇ ಮನೇಲಿ ಒಂದು ಸಾವು. ಓದೆ. ಯಾರು ಸತ್ತೋರು ಅಂತ ಕೂಡ ಕೇಳ್ಲಿಲ್ಲ, ನಮ್ಮವ್ವನ್ನ ನೆನ್ಕೊಂಡು ಅತ್ತೆ. ಮಾರನೇ ದಿನದಿಂದ ಈ ಊರು ನಂದಾಯ್ತು...”

ಮಾತು ಅಲ್ಲಿಗೆ ನಿಂತಿತು. ಯಾರೂ ತಡೆಯದೆ ಕಾಳಿಯಮ್ಮಾಳ್ ಮಾತು ತಾನಾಗಿ ನಿಂತದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಅವಳು ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡವಳಂತೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ವೀರಮ್ಮಾಳನ್ನು ನೋಡಿದಳು, ಬೆಂಚಿನ ಸಾಲನ್ನು ನೋಡಿದಳು, ಮೀಸೆಯಿಲ್ಲದ ಮಗನನ್ನು ನೋಡಿದಳು. ಅವಳಿಗೆ ಅಳು ಬಂತು. ಈ ಸಲ ಹಾಡಿರಲಿಲ್ಲ, ಬರೀ ಅಳು. ಅತ್ತು ಮುಗಿಸಿ ಮೂಗೊರೆಸಿಕೊಂಡು, “ಲೇ ಪೆರಿಯಣ್ಣಾ, ಪತ್ರ ಬರೆಸು” ಎಂದಳು.

ವೇಲುಸಾಮಿ ಕ್ಲಿಕ್ಕಿಸಿದ್ದು ಆಗಲೇ. ಪಟ ತೇನಿಯಿಂದ ತೊಳೆದು ಬಂದಾಗ ಅದರಲ್ಲಿ ಮನೆ ಸ್ಪಷ್ಟ, ಸಿಂಹ ಸ್ಪಷ್ಟ, ಮುನಸೀಫರ ಕನ್ನಡಕವೂ ಸ್ಪಷ್ಟ. ಕುರ್ಚಿಯ ಮೇಲೆ ಮಾತ್ರ ಬಿಳೀ ಹೊಗೆಯಂಥದ್ದು ಏನೋ ಇತ್ತು. ಜೀವಮಾನದಲ್ಲಿ ಕೆಟ್ಟ ಪಟ ಇದೊಂದೇ ಎಂದು ವೇಲುಸಾಮಿ ತಾನು ಪಡೆದ ಮುಂಗಡವನ್ನೂ ತಿರುಗಿಸಿ ಕಳಿಸಿದ. ಮನೆ ಅಷ್ಟರಲ್ಲಿ ಮಾರಾಟವಾಗಿ, ಬಾವಿಯ ತೋಟ ಪೆರಿಯಣ್ಣನ್‌ನದಾಗಿ, ದೀಪಾವಳಿಗೆ ಇನ್ನೂ ದಿನವಿತ್ತು.

ಲಕ್ಷ್ಮಣನ್ ಅವರ ವಿಷಯ ಕೇಳುವುದೇ ಬೇಡ. ಈಗ ತೇವಾರದಲ್ಲಿ ಸಾವಿರಲಿ, ಹೆರಿಗೆಯಿರಲಿ, ಬರೀ ಜ್ವರವಿರಲಿ, ಉಣ್ಣೆ ಕೋಟು ಮೊದಲು ಹಾಜರು. ರಾಮರ್‌ನ ಎಮ್ಮೆ ಕಾಲು ಮುರಿದುಕೊಂಡಾಗಲೂ ಕೊಟ್ಟಿಗೆಯಲ್ಲಿ ಕೂತು ಕಣ್ಣೀರು ಹಾಕಿದರಂತೆ. ಅವರಿಗೆ ಒಪ್ಪಾರಿ ಬರುವುದಿಲ್ಲ. ವೀರಮ್ಮಾಳ್ ಹೇಳಿಕೊಡುತ್ತಿದ್ದಾಳೆ.

ಗೂಡಲೂರಿಗೆ ಹೋದ ದಿನ ಪೆರಿಯಣ್ಣನ್ ತೋಟದ ಮನೆಯ ಮುಂದೆ ಗಾಡಿ ನಿಲ್ಲಿಸಿ, ಎಲ್ಲಕ್ಕಿಂತ ಮೊದಲು ಹೋಗಿ ಪಂಪ್‌ಸೆಟ್ಟಿನ ಗುಂಡಿ ಒತ್ತಿದ. ನೀರು ಭರ್ರನೆ ಬಂತು. ಆ ನೀರಿನಲ್ಲಿ ಮುಖ ತೊಳೆದು, ಮೊಳೆಯುತ್ತಿದ್ದ ಮೀಸೆ ಸವರಿಕೊಂಡು ಬರುವ ಹೊತ್ತಿಗೆ ಆಂಡಾಳ್ ಒಬ್ಬಳೇ ಪಾತ್ರೆ ಇಳಿಸುತ್ತಿದ್ದಳು. ತಾಯಿ ಕೆರೆಯ ಏರಿಯ ಮೇಲೆ ಸರಸರನೆ ನಡೆದು ಹೋಗುತ್ತಿದ್ದಳು. ಏರಿಯಾಚೆಯ ಬೀದಿಯಿಂದ ಸಾವಿನ ತಮಟೆಯ ಸದ್ದು ಕೇಳಿಸುತ್ತಿತ್ತು.

“ಅವ್ವಾ, ಅವರ್ಯಾರೋ ಏನೋ! ನಿನಗೆ ಗೊತ್ತೇ ಇಲ್ವಲ್ಲ!” ಎಂದು ಪೆರಿಯಣ್ಣನ್ ಕೂಗಿದ.

“ಅವ್ರಿಗೆ ನಾ ಗೊತ್ತಾಗ್ಬೇಡವಾ?” ಎಂದು ಕಾಳಿಯಮ್ಮಾಳ್ ತಿರುಗದೆಯೇ ಹೇಳಿ, ಸೆರಗು ಕಟ್ಟಿಕೊಂಡು, ಗಂಟಲು ಸರಿಮಾಡಿಕೊಂಡಳು.